ಸಾವೆತಳ ಮೂರು ದಿನದ ಉಪವಾಸ

ನಂಬದಿದ್ದರೆ ಬಿಡಿ, ಆದರೆ ನಡುವೆ ನಗಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಬೇಲಿಯಾಚೆ ಮನೆಯ ತ್ವಾದೆರನಿಗೆ ಆದದ್ದು.

ಆ ಶುಕ್ರವಾರ ಬೊತೊಶಾನಿ ಪಟ್ಟಣದಿಂದ ಬರುವ ಕೊನೆಯ ಬಸ್ಸು ಅವನನ್ನು ಟಾರು ರಸ್ತೆಯ ತಿರುವಿನಲ್ಲಿ ಇಳಿಸಿ ಹೋದಾಗ ರಾತ್ರಿ ಹನ್ನೊಂದು ದಾಟಿತ್ತು. ಅಲ್ಲಿಂದ ಊರಿಗೆ ಅರ್ಧ ಗಂಟೆಯ ನಡಿಗೆ. ಏಪ್ರಿಲ್ ಬಂದರೂ ಆ ವರ್ಷ ಚಳಿ ಬಿಟ್ಟಿರಲಿಲ್ಲ. ಹೆಪ್ಪುಗಟ್ಟಿದ ಮಣ್ಣು ಬೂಟಿನಡಿ ಕರುಂ... ಕರುಂ... ಎನ್ನುತ್ತಿತ್ತು. ಕೈಚೀಲದಲ್ಲಿ ಎರಡು ಕಿಲೋ ಸಕ್ಕರೆ. ಮರುದಿನ ಹೆಂಡತಿ ಸಾವೆತಳ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆ. ಸತ್ತವರಿಗೆ ನಾವು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಕೊಲಿವ ಎಂಬ ಸಿಹಿ ಮಾಡಿ ಹಂಚುತ್ತೇವೆ. ಅದಕ್ಕೇ ಸಕ್ಕರೆ.

ಊರಂಗಡಿಯಲ್ಲೂ ಸಕ್ಕರೆ ಇತ್ತು. ಅಲ್ಲಿ ನಿಂತು ಸಕ್ಕರೆಯ ಹೆಸರು ಎತ್ತಲು ಅವನಿಗೆ ಮುಖವಿರಲಿಲ್ಲ. ಅದಕ್ಕೇ ಪಟ್ಟಣಕ್ಕೆ ಹೋಗಿದ್ದ. ಯಾಕೆ ಮುಖವಿರಲಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಸಾವೆತಳಿಗೆ ಒಂದು ವರ್ಷದಿಂದ ಏನೋ ಆಗುತ್ತಿತ್ತು. ಬೆಳಗಿನ ಜಾವ ಮೈಯೆಲ್ಲ ಬೆವತು ಏಳುತ್ತಿದ್ದಳು. ಗಂಡನ ಗುರುತು ಹತ್ತುತ್ತಿರಲಿಲ್ಲ. ಸುಮ್ಮನೆ ನಗುವಳು, ತೊದಲುವಳು, ಒಮ್ಮೊಮ್ಮೆ ಕೇಳಲಾರದಂಥ ಬೈಗುಳ ಬೈಯುವಳು. ಒಂದು ಹಿಡಿ ಸಕ್ಕರೆ ಬಾಯಿಗೆ ಬಿತ್ತೋ, ಕಾಲು ಗಂಟೆಯಲ್ಲಿ ಮೊದಲಿನಂತೆ ಚೊಕ್ಕ. ಆಗ ನಾಚಿಕೊಂಡು ಪ್ರತಿಸಲವೂ ಒಂದೇ ಮಾತು ಕೇಳುವಳು, "ನಾನೇನಾದ್ರೂ ಕೆಟ್ಟದಾಗಿ ಅಂದ್ನಾ?"

ಕುಡಿಯುತ್ತಾಳೆ ಎಂದು ಕೆಲವರು ಹೇಳಿದರು. ಮೈಮೇಲೆ ಬರುತ್ತದೆ ಎಂದು ಕೆಲವರು. ಅಂಗಿಯ ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡು ಓಡಾಡುತ್ತಿದ್ದವಳನ್ನು ಸಕ್ಕರೆ ಕಳ್ಳಿ ಎಂದು ಆಡಿಕೊಂಡವರಲ್ಲಿ ನಾನೂ ಒಬ್ಬ. ಆ ನಾಲಿಗೆ ಈಗಲೂ ನನ್ನ ಬಾಯಲ್ಲೇ ಇದೆ, ಏನು ಮಾಡಲಿ.

ಕೊನೆಗೆ ತ್ವಾದೆರ್ ಅವಳನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹೊರಗೆ ಜನ ಕಿಕ್ಕಿರಿದಿದ್ದರು, ಆಕೆಗೆ ಕೂರಲು ಪುರುಸೊತ್ತಿಲ್ಲ. ಯಾಶ್ ನಗರದ ದೊಡ್ಡಾಸ್ಪತ್ರೆಗೆ ಚೀಟಿ ಬರೆದು, ಹಾಸಿಗೆ ಖಾಲಿಯಾದಾಗ ಕರೆಯುತ್ತಾರೆ, ಅಲ್ಲಿ ಮೂರು ದಿನ ಏನೂ ತಿನ್ನಲು ಕೊಡದೆ ಇರಿಸಿಕೊಳ್ಳುತ್ತಾರೆ ಎಂದಳು. ಯಾಕೆ ಎಂದು ಆಕೆ ಹೇಳಲಿಲ್ಲ. ಇವನು ಕೇಳಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲೇ ತ್ವಾದೆರ್ ನಕ್ಕನಂತೆ. "ಉಪವಾಸ ಇರೋದಕ್ಕೆ ಯಾಶ್‌ಗೆ ಹೋಗ್ಬೇಕಾ? ಅದನ್ನ ನಮಗೆ ಡಾಕ್ಟ್ರು ಕಲಿಸ್ಬೇಕಾ?"

ಅವನ ತಪ್ಪು ಇಷ್ಟೇ. ಲಂಘನವೇ ಮದ್ದು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು ನಾವು. ಈಸ್ಟರಿಗೆ ಮುಂಚಿನ ದೊಡ್ಡ ವ್ರತದ ಮೊದಲ ಮೂರು ದಿನ ಕರಿಯುಪವಾಸ, ಒಂದು ಗುಟುಕು ನೀರೂ ಇಲ್ಲ. ಅದಕ್ಕೆ ಇನ್ನು ನಾಲ್ಕೇ ದಿನ ಬಾಕಿ ಇತ್ತು. ದೇವರೇ ಡಾಕ್ಟರ ಬಾಯಲ್ಲಿ ನುಡಿಸಿದ ಅಂದುಕೊಂಡರು ಗಂಡ ಹೆಂಡತಿ ಇಬ್ಬರೂ. ಅವಳಿಗೇ ಹೆಚ್ಚು ಹುರುಪು. ಸೋಮವಾರ ಬೆಳಿಗ್ಗೆ ಮನೆಯ ಸಕ್ಕರೆ, ಜೇನು, ಬ್ರೆಡ್ಡು ಎಲ್ಲವನ್ನೂ ತಾನೇ ಪೆಟ್ಟಿಗೆಗೆ ತುಂಬಿ, ಬೀಗ ಹಾಕಿ, ಕೀಲಿಯನ್ನು ಗಂಡನ ಕೈಗಿತ್ತಳು.

"ನಾನು ಕಾಲಿಗೆ ಬಿದ್ರೂ ಕೊಡ್ಬೇಡ. ಬುಧವಾರ ಸಂಜೆ ನೀನೇ ಬಾಯಿಬಿಟ್ಟು ಮುಗೀತು ಅನ್ನು. ಆಮೇಲೇ ತಿಂತೀನಿ."

ಮಂಗಳವಾರ ರಾತ್ರಿ ಅವಳು ಕಾಲಿಗೆ ಬಿದ್ದಳು. ಅವನು ಕೊಡಲಿಲ್ಲ. ಬೈದಳು, ಅವನ ಸತ್ತ ತಾಯಿಯನ್ನೂ ಸೇರಿಸಿ ಬೈದಳು. ಕೇಳಲಾರದೆ ಅವನು ಕೊಟ್ಟಿಗೆಗೆ ಹೋಗಿ ಹುಲ್ಲಿನ ಮೇಲೆ ಮಲಗಿದ. ಗೋಡೆಯಾಚೆ ಪೆಟ್ಟಿಗೆ ಬಡಿಯುವ ಸದ್ದು. ದಡ್... ದಡ್... ಆಮೇಲೆ ಕೆರೆಯುವ ಸದ್ದು. ಆಮೇಲೆ ಅದೂ ಇಲ್ಲ. ನಿದ್ದೆ ಹತ್ತಿತು ಅಂದುಕೊಂಡ. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಗೆ ಒರಗಿ ಕೂತೇ ಇದ್ದಳು. ಉಗುರುಗಳು ಕಿತ್ತುಹೋಗಿದ್ದವು. ಕೀಲಿ ಇವನ ಜೇಬಿನಲ್ಲಿತ್ತು.

ಹೆಣ ಕೊಯ್ದು ನೋಡಿದ ಮೇಲೆ ಅದೇ ಡಾಕ್ಟರಮ್ಮ ಅವನನ್ನು ಕೂರಿಸಿ ಹೇಳಿದಳು. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತ ಒಂದಿದೆ. ಅದರಲ್ಲಿ ಬಟಾಣಿ ಕಾಳಿನಷ್ಟು ಒಂದು ಗಂಟು. ಆ ಗಂಟು ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸುತ್ತಿತ್ತು. ರಕ್ತದಲ್ಲಿದ್ದ ಸಕ್ಕರೆಯೆಲ್ಲ ಬರಿದಾಗುತ್ತಿತ್ತು. ಉಪವಾಸ ಇರಿಸುವುದು ರೋಗವನ್ನು ಹಿಡಿಯಲಿಕ್ಕೆ, ವಾಸಿ ಮಾಡಲಿಕ್ಕಲ್ಲ. "ನಾವು ಸಕ್ಕರೆ ನೀರಿನ ಸೂಜಿ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತಿದ್ವಿ," ಅಂದಳಂತೆ. ಹೇಳುತ್ತಾ ಆಕೆಯೂ ಅತ್ತಳಂತೆ. ಬಂದ ಭಾಗ್ಯವೇನು.

ಆಯಿತಲ್ಲ, ಈಗ ಶುಕ್ರವಾರ ರಾತ್ರಿಗೆ ಬರೋಣ.

ಊರ ಹೊರಗೆ ಏತದ ಬಾವಿ ಇದೆ. ಉದ್ದನೆ ಮರ, ಒಂದು ತುದಿಗೆ ಕಲ್ಲು, ಇನ್ನೊಂದಕ್ಕೆ ಬಕೆಟ್ಟು. ಗಾಳಿ ಒಂದಿಷ್ಟೂ ಇರಲಿಲ್ಲ. ತ್ವಾದೆರ್ ಹತ್ತಿರ ಬರುತ್ತಿದ್ದಂತೆ ಏತ ಅಲುಗಿತು. ಕಿರ್ರ್‌... ಕಿರ್ರ್‌... ಕೆಳಗೆ ನೀರಿಗೆ ಬಕೆಟ್ಟು ತಾಗಿ ಬುಳಕ್ ಎಂದಿತು. ಆಮೇಲೆ ಹನಿ... ಟಪ್... ಟಪ್...

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಆ ಹನಿ ಬಕೆಟ್ಟಿನದಲ್ಲ. ಕೂತವಳ ಗಲ್ಲದಿಂದ ಬೆವರು ಕಲ್ಲಿನ ಮೇಲೆ ಬೀಳುತ್ತಿತ್ತು. ಅಂಥ ಚಳಿಯಲ್ಲಿ.

ಓಡಬೇಕು ಅನ್ನಿಸಿತಂತೆ. ಅಷ್ಟರಲ್ಲಿ ಅವಳೇ ಮೆಲ್ಲಗೆ ಕೇಳಿದಳು.

"ತ್ವಾದೆರ್... ಬುಧವಾರ ಆಗ್ಲಿಲ್ವಾ ಇನ್ನೂ?"

ಅವಳು ಸತ್ತು ಮೂವತ್ತೆಂಟು ದಿನ... ಯಾರೂ ಅವಳಿಗೆ ಮುಗಿಯಿತು ಎಂದು ಹೇಳಿರಲಿಲ್ಲ. ಹೇಳಬೇಕಾದವನು ಇವನೊಬ್ಬನೇ. ಅಂತ್ಯಕ್ರಿಯೆಯಲ್ಲಿ ಪಾದ್ರಿ ಅಷ್ಟು ಮಂತ್ರ ಹೇಳಿದರು, ಹೆಂಗಸರು ಅಷ್ಟು ಅತ್ತರು. ಆ ಒಂದು ಮಾತು ಯಾರಿಗೂ ಹೊಳೆಯಲಿಲ್ಲ.

ಮಂಡಿಯೂರಿದ. ಸಕ್ಕರೆ ಪೊಟ್ಟಣ ಬಿಚ್ಚಲು ಬೆರಳು ಬಗ್ಗಲಿಲ್ಲ, ಹಲ್ಲಿನಿಂದ ಹರಿದ. ಅಂಗೈ ತುಂಬ ಸಕ್ಕರೆ ತೆಗೆದು ಚಾಚಿದ. ಅವಳು ನೋಡಿದಳು, ಮುಟ್ಟಲಿಲ್ಲ.

"ನೀನು ಹೇಳಿಲ್ವಲ್ಲ."

"ಮುಗೀತು ಸಾವೆತ," ಅಂದ. ಅಂಗೈಯನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೆ ಅಂದ, "ಮುಗೀತು ಕಣೇ. ತಿನ್ನು."

ಕರು ಬಾಯಿ ಹಾಕುವ ಹಾಗೆ ಅವನ ಅಂಗೈಗೇ ಬಾಯಿ ಹಾಕಿ ತಿಂದಳು. ಕರಕ್... ಕರಕ್... ಸಕ್ಕರೆ ಹರಳು ಹಲ್ಲಿಗೆ ಸಿಕ್ಕುವ ಸದ್ದು. ಖಾಲಿಯಾಯಿತು, ಇನ್ನೊಂದು ಹಿಡಿ ಕೊಟ್ಟ. ಮತ್ತೊಂದು. ಗಲ್ಲದ ಹನಿ ನಿಂತಿತು. ಕಣ್ಣು ತಿಳಿಯಾಯಿತು. ಆಗ ನಾಚಿಕೊಂಡು, ಎಂದಿನ ಹಾಗೆಯೇ ಕೇಳಿದಳು.

"ನಾನೇನಾದ್ರೂ ಕೆಟ್ಟದಾಗಿ ಅಂದ್ನಾ?"

"ಇಲ್ಲ ಮಾರಾಯ್ತಿ. ನೀನೇನೂ ಅನ್ಲಿಲ್ಲ. ನಾನೇ..."

ಅವನು ತಲೆ ಎತ್ತುವಾಗ ಏತ ಒಮ್ಮೆ ಕಿರ್ರ್ ಎಂದಿತು, ಅಷ್ಟೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಪೂಜೆಗೆ ಗೋಧಿ ಬೇಯಿಸುತ್ತ ಕಾದಿದ್ದ ನಮ್ಮ ಕೇರಿಯ ಅಂಗೆಲೀನ ಅಜ್ಜಿಯ ಮನೆಗೆ ಅವನು ಬಂದದ್ದು ಒಂದು ಗಂಟೆಗೆ. ಅಜ್ಜಿ ಅವನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನೋಡಿದಳು. ಇಷ್ಟು ಕಡಿಮೆ ಯಾಕೆ ಎಂದು ಕೇಳಿದಳು. ಅವನು ಎಲ್ಲ ಹೇಳಿದ. ಹೇಳುವಾಗ ನಾನು ಒಲೆಯ ಪಕ್ಕ ಗೋಧಿ ಕಲಕುತ್ತ ಕೂತಿದ್ದೆ. ಸುಳ್ಳು ಹೇಳುವವನ ಮುಖ ನನಗೆ ಗೊತ್ತು, ನನ್ನದನ್ನೇ ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಅದು ಆ ಮುಖವಲ್ಲ.

ದುಃಖಕ್ಕೆ ತಲೆ ಕೆಟ್ಟಿದೆ, ದಾರಿಯಲ್ಲಿ ಚೆಲ್ಲಿಕೊಂಡಿರಬೇಕು ಎನ್ನುತ್ತೀರಿ ನೀವು. ನಾನೂ ಹಾಗೇ ಅಂದುಕೊಂಡೆ. ಬೆಳಿಗ್ಗೆ ಕೊಲಿವ ಹೊತ್ತುಕೊಂಡು ಅವಳ ಗೋರಿಗೆ ಹೋದೆವು. ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಗಟ್ಟಿಯಾಗಿತ್ತು. ಗುದ್ದಲಿಯೂ ಇಳಿಯದಷ್ಟು ಗಟ್ಟಿ ನೆಲ. ಶಿಲುಬೆಯ ಬುಡದ ಬಿರುಕಿನಿಂದ ಇರುವೆ ಸಾಲು ಹೊರಟಿತ್ತು. ಆ ಚಳಿಯಲ್ಲಿ, ಕರಿ ಇರುವೆ. ಒಳಗೆ ಹೋಗುತ್ತಿರಲಿಲ್ಲ, ಒಳಗಿಂದ ಬರುತ್ತಿದ್ದವು. ಟೋಪಿ ತೆಗೆದು, ಬಗ್ಗಿ, ಹತ್ತಿರದಿಂದ ನೋಡಿದೆ. ಒಂದೊಂದರ ಬಾಯಲ್ಲೂ ಒಂದೊಂದು ಹರಳು ಸಕ್ಕರೆ ಇತ್ತು.