ಹಾರ ಹಾಕಿದ ಫೋಟೋ

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ವೆಂಕೋಬ ಹಟ್ಟಿಗೆ ಹೋಗುವ ಬಸ್ಸಿಗೆ ಕಾಯುತ್ತ ಕುಳಿತಿದ್ದ. ಪಕ್ಕದ ಮುದುಕಿ ಅದೇ ಬೆಂಚಿನ ತುದಿಯಲ್ಲಿದ್ದ ಗಂಡಸನ್ನು ಒಂದೇ ಸಮನೆ ದಿಟ್ಟಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಯಪ್ಪಾ, ನೀ ಟಿವ್ಯಾಗ ಸತ್ತಾಂವ ಅಲ್ಲೇನು?”

“ಹೌದ್ರಿ ಯವ್ವ, ನಾನ. ಧಾರಾವಾಹ್ಯಾಗ ಗ್ವಾಡಿ ಮ್ಯಾಲಿನ ಫೋಟೋದಾಗ ಇರೋ ಅಪ್ಪ.”

“ಹಾರ ಹಾಕ್ಯಾರಲ್ಲೋ ನಿನಗ!”

“ವಾರ ವಾರ ಹಾಕ್ತಾರ್ರಿ. ಹೀರೋನ್ನ ಎರಡು ಸಲ ಬದಲಿ ಮಾಡ್ಯಾರ, ನನ್ನ ಮುಟ್ಟಿಲ್ಲ. ಯಾರಿಗೆ ಕಷ್ಟ ಬಂದ್ರೂ ನನ್ನ ಮುಂದ ನಿಂತ ಅಳಬೇಕು. ಹೀರೋಯಿನ್ ಅಂಥಾ ದೊಡ್ಡ ನಟಿ, ಆಕಿನೂ!”

“ಮಾತ ಇಲ್ಲಲ್ಲೋ ನಿನಗ?”

“ಇಪ್ಪತ್ತು ವರ್ಷ ನಾಟಕ ಕಂಪನ್ಯಾಗ ರಾಜನ ಪಾರ್ಟ್ ಮಾಡಿ ಗಂಟಲಾ ಹರಕೊಂಡೀನ್ರಿ, ಒಬ್ಬರೂ ಗುರ್ತಾ ಹಿಡೀಲಿಲ್ಲ. ಸುಮ್ಮನ ಗ್ವಾಡಿಗೆ ತೂಗಬಿದ್ದೆ ನೋಡ್ರಿ, ಸಿಂಧನೂರಾಗ ಕಂಡಕ್ಟರನೂ ಕೈ ಮುಗದ!”

“ನಿನ್ನ ಹೆಂಡ್ತಿ ನೋಡ್ತಾಳೇನು?”

“ಕುಂಕುಮದ ಡಬ್ಬಿ ಹಿಡಕೊಂಡ ಕುಂದರತಾಳ್ರಿ. ನನ್ನ ಫೋಟೋ ಬಂತಂದ್ರ ಹಣಿಗೆ ಹಚಗೊಂಡು, ನನ್ನ ಕಡೆ ತಿರುಗಿ ‘ಜೀವಂತ ಅದೀರಿಲ್ಲೋ, ಒಮ್ಮೆ ಕೆಮ್ಮರೀ’ ಅಂತಾಳ.”

“ಕೆಮ್ಮತೀಯೇನು?”

“ಓಣಿಗೆಲ್ಲ ಕೇಳೂ ಹಂಗ ಕೆಮ್ಮತೀನ್ರಿ!”

ಅಷ್ಟರಲ್ಲಿ ಲಿಂಗಸುಗೂರು ಬಸ್ಸು ಬಂತು. ಮುದುಕಿ ಎದ್ದು ಅವನ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಗೊತ್ತಿ ಲಟಿಕೆ ಮುರಿದು ದೃಷ್ಟಿ ತೆಗೆದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೂಗಿದಳು:

“ಯಪ್ಪಾ, ನನಗೂ ಒಮ್ಮೆ ಕೆಮ್ಮೋ!”

ಆತ ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. ಎದೆಯುಬ್ಬಿಸಿ, ರಾಜನ ಗಂಟಲಿನಿಂದ ಕೆಮ್ಮಿದ. ವೆಂಕೋಬನ ಜೊತೆಗೆ ಇಡೀ ಬಸ್ ಸ್ಟ್ಯಾಂಡೇ ಅವನ ಕಡೆ ತಿರುಗಿತು.