ಪಕ್ಕದ ಬಾಗಿಲ ಮುಂದೆ ಎಳೆದ ಗೆರೆ

ನಮ್ಮನ್ನು ಬಿಟ್ಟುಹೋದ ಜೋಡಜ್ಜನನ್ನು ನೆನೆಯಲು ಇಲ್ಲಿ ಸೇರಿರುವ ಹಿರಿಯರಿಗೆ, ತಾಯಂದಿರಿಗೆ, ಮುಂದೆ ಕೂತಿರುವ ಅವರ ಹೆಂಡತಿ ನಮ್ಮ ಅಜ್ಜಿಗೆ, ಮಗಳು ಅಕ್ಕನಿಗೆ ಕೈ ಮುಗಿಯುತ್ತೇನೆ. ನಾನು ಶಾಲೆಗೆ ಹೋದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು. ಭಾಷಣ ಗೊತ್ತಿಲ್ಲ. ಗುರುದ್ವಾರದ ಬಾಗಿಲಲ್ಲಿ ನಿಮ್ಮೆಲ್ಲರ ಚಪ್ಪಲಿ ಕಾಯುವ ಸೇವೆಯಲ್ಲಿ ಜೋಡಜ್ಜನ ಪಕ್ಕ ಕೂತವನು — ಅಷ್ಟೇ ನನ್ನ ಯೋಗ್ಯತೆ.

ನಿನ್ನೆಯೂ ಅದೇ ಕನಸು ಬಿತ್ತು. ಗುರುದ್ವಾರದ ಪಕ್ಕದ ಬಾಗಿಲು ತೆರೆಯುತ್ತಿಲ್ಲ. ಒಳಗಿಂದ ತಳ್ಳುವ ಸದ್ದು. ನಾನು ಹೊರಗಿಂದ ಎಳೆಯುತ್ತೇನೆ — ಬರುವುದಿಲ್ಲ. ಕನಸಿನಲ್ಲಿ ಅಜ್ಜ ಇರಲಿಲ್ಲ. ಹಾಗಾಗಿ ಬಾಗಿಲು ತೆರೆಯಲೇ ಇಲ್ಲ.

ನಿಜದಲ್ಲಿ ಅಜ್ಜ ಇದ್ದರು. ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದ ದಿನ ನಿಮಗೆಲ್ಲ ನೆನಪಿದೆ, ಆದರೂ ಹೊಸಬರು ಬಂದಿದ್ದಾರೆ, ಹೇಳುತ್ತೇನೆ. ಅವತ್ತು ಜನ ಜಾಸ್ತಿ. ಕಪಾಟು ತುಂಬಿ, ಜೋಡುಗಳು ಪಕ್ಕದ ಬಾಗಿಲ ಹೊರಗೆ ರಾಶಿ ಬಿದ್ದಿದ್ದವು. ನಮ್ಮವರ ಅಭ್ಯಾಸವೇ ಅದು — ತಲೆ ಮುಚ್ಚಿದೆಯಾ ಎಂದು ಹತ್ತು ಸಲ ಮುಟ್ಟಿ ನೋಡುತ್ತೇವೆ, ಚಪ್ಪಲಿ ಎಲ್ಲಿ ಬಿಟ್ಟೆವೆಂದು ತಿರುಗಿಯೂ ನೋಡುವುದಿಲ್ಲ. ಮುಂಬಾಗಿಲ ಕಡೆ ವೈರು ಸುಟ್ಟು ಪರದೆಗೆ ಬೆಂಕಿ ಹತ್ತಿತು. ಎಲ್ಲರೂ ಪಕ್ಕದ ಬಾಗಿಲಿಗೆ ಓಡಿದರು. ಅದು ರಾಶಿಗೆ ಸಿಕ್ಕಿ, ಒಂದು ಗೇಣು ತೆರೆದು ನಿಂತಿತು.

ಹೊರಗಿದ್ದ ಅಜ್ಜ ಮಂಡಿಯೂರಿ, ಹೀಗೆ — ಎರಡೂ ತೋಳಲ್ಲಿ, ಕಾಳು ಬಾಚಿದ ಹಾಗೆ — ಬಾಚಿದರು. ಬಾಗಿಲು ಬಿಟ್ಟುಕೊಂಡಿತು. ಎದುರಿಗೆ ದಿನಾ ಗ್ರಂಥ ಓದುವ ನಮ್ಮ ಬಾಬಾಜಿ, ಗ್ರಂಥ ಸಾಹಿಬ್ ಅನ್ನು ತಲೆಯ ಮೇಲೆ ಹೊತ್ತು ನಿಂತಿದ್ದಾರೆ. ಹಿಂದೆ ಮಕ್ಕಳು, ಮುದುಕರು, ಹೊಗೆ. ಅವರ ಕಾಲು ಮಾತ್ರ ಮುಂದೆ ಬರುತ್ತಿಲ್ಲ. ಹೊಸ್ತಿಲಾಚೆ ಇನ್ನೂ ಚಪ್ಪಲಿ.

“ಗ್ರಂಥ ಹೊತ್ಕೊಂಡು ಚಪ್ಪಲಿ ತುಳೀಲಾ?” ಎಂದರು.

“ತುಳೀಬೇಡಿ, ಎತ್ತಿ ಬಿಸಾಕ್ತಿದ್ದೀನಿ. ಜೋಡು ನಂಗೆ ಬಿಡಿ, ಜನಾನ ನೀವು ಕರ್ಕೊಂಡ್ ಬನ್ನಿ.”

ಗ್ರಂಥ ಬಂತು. ಜನ ಬಂದರು — ಎಲ್ಲರೂ ಬಂದರು. ಆಮೇಲೆ ಛಾವಣಿ ಬಿತ್ತು.

ಮಾರನೆಯ ಬೆಳಗ್ಗೆ ಬೂದಿ ನೋಡುತ್ತ ನಿಂತ ನಮ್ಮ ಕಮಿಟಿ ಅಧ್ಯಕ್ಷರು, “ಹೊಸ ಕಟ್ಟಡ ಆಗೋ ತನಕ ಎಲ್ಲ ನಿಲ್ಸೋಣ” ಎಂದರು. ಅವರನ್ನು ದೂರುತ್ತಿಲ್ಲ, ಅವರ ಕಣ್ಣಲ್ಲಿ ನೀರಿತ್ತು. ಅಜ್ಜ ಅರೆಸುಟ್ಟ ಬೆಂಚನ್ನು ಎಳೆದು ಫುಟ್‌ಪಾತ್ ಮೇಲೆ ಹಾಕಿ ಕೂತರು. ಅಧ್ಯಕ್ಷರ ಕಾಲು ನೋಡಿ ಕೈ ಚಾಚಿದರು. “ಜೋಡು ಬಿಟ್ಟು ಒಳಗೆ ಹೋಗಿ.”

“ಒಳಗೆ ಅನ್ನೋದು ಎಲ್ಲಿದೆ ಅಜ್ಜ? ಗೋಡೇನೇ ಇಲ್ವಲ್ಲ.”

“ಗೋಡೆ ಹೋಯ್ತು. ಒಳಗು ಎಲ್ಲಿಗೆ ಹೋಗುತ್ತೆ? ಬಿಡಿ ಜೋಡು.”

ನನಗೋ ಭಯ — ಗಾಜು, ಮೊಳೆ, ಬರಿಗಾಲು. “ಯಾರಿಗಾದ್ರೂ ಚುಚ್ಚಿದ್ರೆ ಅಜ್ಜ?” ಎಂದೆ.

“ಪುಕ್ಕಲಾ, ನಿನ್ನ ಭಯಕ್ಕೆ ಇವತ್ತು ಕೆಲಸ ಸಿಕ್ತು ನೋಡು. ಹಿಡಿ ಪೊರಕೆ.”

ಗುಡಿಸಿದೆ. ಗುಡಿಸಿದ ಮೇಲೆ ಅಂಗೈಯಲ್ಲಿ ಸವರಿ ನೋಡಿದೆ. ಎದುರಿನ ಇಸ್ತ್ರಿ ಅಂಗಡಿಯವರು ಚಾದರ ತಂದು ಹಾಸಿದರು. ಮಧ್ಯಾಹ್ನ ಅಲ್ಲೇ ಲಂಗರ್, ಬಂದವರಿಗೆಲ್ಲ ಒಂದೇ ಸಾಲಿನಲ್ಲಿ ಊಟ. ಬೆಂಕಿ ಆರಿಸಿದವರೂ ಕೂತು ಉಂಡರು. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಒಲೆ ನಿಂತಿಲ್ಲ — ಒಂದು ಹೊತ್ತೂ ನಿಂತಿಲ್ಲ.

ಆದರೆ ಹೊಗೆ ಅಜ್ಜನ ಎದೆಯಲ್ಲಿ ಮನೆ ಮಾಡಿತು. ಕೆಮ್ಮುತ್ತಲೇ ಅವರು ಈ ಹೊಸ ಗೋಡೆಗಳು ಏಳುವುದನ್ನು ನೋಡಿದರು. ಪಕ್ಕದ ಬಾಗಿಲ ಹೊರಗೆ ತಾವೇ ಬಗ್ಗಿ ಬಿಳಿ ಗೆರೆ ಎಳೆದರು. “ಗೆರೆಯೊಳಗೆ ಬಿಟ್ಟ ಜೋಡು ನನ್ನ ಕಾಲಿಗೆ” ಎಂದು ಸಾರಿದರು. ಅಧ್ಯಕ್ಷರ ಹೊಸ ಬೂಟು ಹಾಕಿಕೊಂಡು ಅಜ್ಜ ಊರೆಲ್ಲ ಓಡಾಡಿದ್ದನ್ನು ನೀವೂ ಕಂಡಿದ್ದೀರಿ.

ಆಸ್ಪತ್ರೆಯಲ್ಲಿ ಕೇಳಿದೆ, “ನೀವಿಲ್ದೆ ಬಾಗಿಲು ಯಾರು ನೋಡ್ಕೋತಾರೆ? ನಂಗೆ ಕೈಕಾಲು ನಡುಗುತ್ತೆ.”

“ನಡುಗೋನೇ ಬೇಕು ಅಲ್ಲಿಗೆ. ಧೈರ್ಯ ಇರೋನು ನಿದ್ದೆ ಹೊಡೀತಾನೆ. ಬೆಂಚು ತಣ್ಣಗಾಗೋಕೆ ಬಿಡಬೇಡ, ಕೂತ್ಕೋ.”

ಕೂತಿದ್ದೇನೆ ಅಜ್ಜ. ನಾಳೆಯೂ ಕೂರುತ್ತೇನೆ. ನಡುಗುತ್ತಲೇ ಕೂರುತ್ತೇನೆ.

ಈಗ ಎಲ್ಲರೂ ಎದ್ದು ನಿಲ್ಲಿ. ಮೌನಕ್ಕೆ ಮೊದಲು — ಒಂದು ಮಾತು. ಬೆಂಕಿಯ ನಂತರ ಇಷ್ಟು ಜನ ಒಟ್ಟಿಗೆ ಸೇರಿದ್ದು ಇದೇ ಮೊದಲು. ಮೈಕಿಗೆ ಬರುವ ಮುಂಚೆ ನಾನು ನೋಡಿಯೇ ಬಂದೆ, ಗೆರೆಯೊಳಗೆ ಏನೂ ಇರಲಿಲ್ಲ. ಆಮೇಲೂ ಜನ ಬಂದಿರಿ. ಪಕ್ಕದ ಬಾಗಿಲ ಹತ್ತಿರ ನಿಂತವರು ಅದನ್ನು ಪೂರ್ತಿ ಹೊರಕ್ಕೆ ತಳ್ಳಿ, ದಯವಿಟ್ಟು ಇನ್ನೊಂದು ಸಲ ನೋಡಿ. ಬಾಗಿಲು ಆಚೆ ಗೋಡೆಗೆ ತಾಗಿದ ಸದ್ದು ಇಲ್ಲಿಯವರೆಗೆ ಕೇಳಲಿ. ಅದು ಕೇಳಿದ ಮೇಲೆ ಸುಮ್ಮನಾಗೋಣ.