ಕೋಟಿನ ಬಣ್ಣ

ಅಯ್ಯೋ, ಕಿಟಕಿ ತೆಗೀಬೇಡ ಅಕ್ಕ! ಮುಚ್ಚು, ಮುಚ್ಚು... ಸ್ವಲ್ಪ ಬೆಳಕು ಬಿದ್ರೂ ಗಾಜಿನ ಮೇಲೆ ನಿನ್ನ ಮುಖಾನೇ ಕಾಣುತ್ತೆ, ಒಳಗಿನ ಚಿತ್ರ ಕಾಣಲ್ಲ. ಹಾಂ, ಹಾಗೆ. ನಡುಮಧ್ಯಾಹ್ನ ಹೀಗೆ ಕತ್ತಲೆ ಮಾಡ್ಕೊಂಡು ಕೂತಿರ್ತೀನಿ ಅಂತ ನಮ್ಮನೆಯವಳು ದಿನಾ ಬೈತಾಳೆ. ಈ ಟಿವಿಗೆ ಅವಳು ಇಟ್ಟಿರೋ ಹೆಸರೇನು ಗೊತ್ತಾ? ಸವತಿ! ನಗು, ನಗು... ನೀನು ನಕ್ಕು ಎಷ್ಟು ದಿನ ಆಗಿತ್ತೋ.

ವಿಡಿಯೋ ಟೇಪಾ? ಹಾಕ್ತೀನಿ ಅಕ್ಕ, ಹಾಕ್ತೀನಿ. ಅದಕ್ಕೇ ತಾನೇ ನೀನು ಎರಡು ಬಸ್ಸು ಬದಲಾಯಿಸಿ ಬಂದಿರೋದು. ಆದ್ರೆ ಸೆಟ್ಟು ಮೊದಲು ಬಿಸಿಯಾಗಬೇಕು. ಈಗಷ್ಟೇ ಆನ್ ಮಾಡಿದೀನಿ, ಇಪ್ಪತ್ತು ನಿಮಿಷ ಬೇಕು, ಬಣ್ಣ ನಿಲ್ಲೋಕೆ. ನಲವತ್ತು ವರ್ಷದ ಹಳೇ ಜೀವ ಅಕ್ಕ, ಹಾಸಿಗೆಯಿಂದ ಎಬ್ಬಿಸಿ ಓಡು ಅಂದ್ರೆ ಓಡುತ್ತಾ? ಕೂತ್ಕೋ. ಆ ಸ್ಟೂಲ್ ಬೇಡ, ಅದರ ಮೇಲೆ ಬೆಸುಗೆ ಸೀಸ ಬಿದ್ದಿರುತ್ತೆ. ಇಲ್ಲಿ ಕೂತ್ಕೋ.

ಗುರುತು ಸಿಕ್ತಾ? ನಮ್ಮನೇದೇ! ಇಲ್ನೋಡು, ನೀನು ಕಂಪಾಸಲ್ಲಿ ಗೀಚಿದ್ದು. ಪಾಲಿಶ್ ಹಾಕುವಾಗ ಅದೊಂದನ್ನ ಮುಟ್ಟಲಿಲ್ಲ. ಒಳಗೆ ಮಾತ್ರ ಏನೂ ಉಳಿದಿರ್ಲಿಲ್ಲ ಕಣೆ. ಅರ್ಧಕ್ಕರ್ಧ ಸುಟ್ಟುಹೋಗಿತ್ತು, ಇನ್ನರ್ಧದಲ್ಲಿ ಇಲಿ ಸಂಸಾರ ಹೂಡಿತ್ತು. ಅಂತೂ ಚಿತ್ರ ಬಂತು ಅನ್ನೋವಾಗ ಕೆಂಪು ಒಂದು ಕಡೆ, ಹಸಿರು ಒಂದು ಕಡೆ, ನೀಲಿ ಇನ್ನೊಂದು ಕಡೆ... ಪಾಲು ಕೇಳೋಕೆ ಬಂದ ದಾಯಾದಿಗಳ ಹಾಗೆ! ಮೂರನ್ನೂ ಒಂದೇ ಜಾಗದಲ್ಲಿ ಕೂರಿಸೋಕೆ ಎರಡು ತಿಂಗಳು ಹಿಡೀತು. ಜನ ಅಂದ್ಕೋತಾರೆ ಕೆಂಪು ತರೋದು ಕಷ್ಟ, ಹಸಿರು ತರೋದು ಕಷ್ಟ ಅಂತ. ಅಲ್ಲ! ಈ ಕೆಲಸದಲ್ಲಿ ಕಷ್ಟ ಅಂದ್ರೆ ಬೂದು. ಮೂರೂ ಸರಿಸಮ ಇದ್ರೆ ಮಾತ್ರ ಬೂದು ಬೂದಾಗಿರುತ್ತೆ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಯ್ತು ಅನ್ನು, ಹಸಿರಿಗೆ ತಿರುಗುತ್ತೆ, ಇಲ್ಲ ನೀಲಿಗೆ... ಆಕಳಿಸ್ತಿದೀಯಾ? ಥೇಟ್ ಅಮ್ಮ! ನಾನು ಟಿವಿ ಮಾತು ಎತ್ತಿದ್ರೆ ಸಾಕು, ಅವಳಿಗೂ ಆಕಳಿಕೆ ಬರ್ತಿತ್ತು.

ಇನ್ನೂ ಆರು ನಿಮಿಷವೂ ಆಗಿಲ್ಲ. ತಾಳು, ಅಲ್ಲಿವರೆಗೆ ಇದನ್ನ ನೋಡ್ತಿರು. ಫೋಟೋ ಅಕ್ಕ. ಟಿವಿಯಲ್ಲಿ ಬರೋ ಚಿತ್ರದ ಫೋಟೋ. ಹಳೇ ಕಲರ್ ಸೆಟ್ ರಿಪೇರಿ ಹುಚ್ಚರದ್ದು ಒಂದು ಗುಂಪಿದೆ, ಫೋನಲ್ಲಿ. ಸೆಟ್ ಸರಿ ಮಾಡಿದೆ ಅಂತ ಬಾಯಲ್ಲಿ ಹೇಳಿದ್ರೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ, ಪರದೆಯ ಫೋಟೋ ಹಾಕಬೇಕು. ಆಮೇಲೆ ತಿದ್ದೋ ಹಾಗಿಲ್ಲ. ಕ್ಯಾಮೆರಾ ಅಲುಗೋ ಹಾಗಿಲ್ಲ. ಶಟರ್ ನಿಧಾನಕ್ಕೆ ಬಿಡಬೇಕು, ಅವಸರ ಮಾಡಿದ್ರೆ ಚಿತ್ರಕ್ಕೆ ಅಡ್ಡ ಒಂದು ಕಪ್ಪು ಪಟ್ಟಿ ಬಂದುಬಿಡುತ್ತೆ... ಹೌದು, ಅಮ್ಮನೇ. ಇನ್ಯಾರು?

ಅವಳು ಟಿವಿಯಲ್ಲಿ ಬಂದಿದ್ದು ಒಂದೇ ಸಲ. ನಾಲ್ಕೇ ನಿಮಿಷ! ಟೈಲರ್ ಅಂಗಡಿ ಬಾಗಿಲು ಹಾಕಿ, ಪೌಡರ್ ಬಳ್ಕೊಂಡು ಹೋಗಿದ್ಳು. ಸವೆದ ಕಾಲರ್ ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿಯೋದು ಹೇಗೆ ಅಂತ ಹೇಳಿಕೊಡೋಕೆ. ಮೈಮೇಲಿದ್ದ ಕೋಟು ಯಾರದ್ದು? ಗಿರಾಕಿಯದ್ದು! ರಿಪೇರಿಗೆ ಬಂದಿದ್ದನ್ನ ಹಾಕ್ಕೊಂಡು ಹೋಗಿ, ಮಾರನೇ ದಿನ ಇಸ್ತ್ರಿ ಮಾಡಿ ವಾಪಸ್ ಕೊಟ್ಟವಳಲ್ವಾ ನಮ್ಮಮ್ಮ! ನೀನು ಅವತ್ತು ಮಾವನ ಮನೇಲಿದ್ದೆ, ಅವರು ರೆಕಾರ್ಡ್ ಮಾಡೋದನ್ನ ನೋಡ್ತೀನಿ ಅಂತ ಹಟ ಮಾಡಿ. ನಾನು ಇಲ್ಲಿ, ಇದೇ ಸೆಟ್ಟಿನ ಮುಂದೆ. ಬೀದಿಗೆ ಬೀದಿಯೇ ಬಂದು ಕೂತಿತ್ತು, ಆ ಗಲಾಟೆಯಲ್ಲಿ ಅವಳು ಹೇಳಿದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಕೋಟು ಮಾತ್ರ ನೆನಪಿದೆ. ಹಸಿರು!

ಹ್ಞೂ, ಗೊತ್ತಿತ್ತು, ತಲೆ ಅಲ್ಲಾಡಿಸ್ತೀಯ ಅಂತ. ನಿಂದು ನೀಲಿ. ಮೂವತ್ತೈದು ವರ್ಷದಿಂದ ನೀಲಿ! ಅಮ್ಮನ್ನ ಕೇಳಿದ್ರೆ ಏನನ್ನೋಳು? “ನಿಮ್ಮಿಬ್ಬರ ಕಣ್ಣೂ ಡಾಕ್ಟರಿಗೆ ತೋರಿಸಬೇಕು” ಅಂತ ನಗೋಳು. ಹೇಳ್ತಿರ್ಲಿಲ್ಲ ನೋಡು... ಕೊನೆವರೆಗೂ ಹೇಳಲಿಲ್ಲ.

ಅದು ಮೊದಲನೇ ಫೋಟೋ, ಅದನ್ನ ಬಿಡು. ಸಪ್ಪೆ. ಕೋಟಿನಲ್ಲಿ ಬಣ್ಣವೇ ಇಲ್ಲ. ಸೆಟ್ಟು ಎಲ್ಲೋ ಕೈ ಕೊಡ್ತಿದೆ ಅಂದ್ಕೊಂಡೆ. ಹಸಿರು ಚೂರು ಏರಿಸ್ದೆ, ಆಗ ಅಮ್ಮನ ಮುಖ ಕಾಮಾಲೆ ಬಂದ ಹಾಗಾಯ್ತು. ಇಳಿಸ್ದೆ, ಕೋಟು ಮತ್ತೆ ಸಪ್ಪೆ. ಮತ್ತೆ ಏರಿಸ್ದೆ... ಮೂವತ್ತೊಂದು ಫೋಟೋ ಅಕ್ಕ! ನೋಡು, ಇದು, ಇದು... ಈ ಹದಿನೇಳನೇದರಲ್ಲಿ ನಗ್ತಿದಾಳೆ ನೋಡು, ಸೂಜಿ ಬಾಯಲ್ಲಿ ಕಚ್ಕೊಂಡು. ಇದನ್ನ ಗುಂಪಿಗೆ ಹಾಕಿದಾಗ ಎಲ್ಲರೂ ದಂಗಾಗಿಹೋದ್ರು.

ಹೇಗೆ ಅಂದ್ರೆ? ಟೇಪ್ ಓಡಿಸಿ, ಬೇಕಾದ ಕಡೆ ಪಾಜ್ ಒತ್ತೋದು. ಚಿತ್ರ ನಿಂತ್ಕೊಳ್ಳುತ್ತೆ. ನಿಲ್ಲಿಸಿಟ್ಟು ಬಣ್ಣ ತಿದ್ದೋದು, ಕ್ಲಿಕ್ ಮಾಡೋದು. ಆದ್ರೆ ಆ ದರಿದ್ರ ವಿಸಿಆರ್ ಮಷೀನು ಐದು ನಿಮಿಷಕ್ಕೆ ತಾನೇ ಪಾಜ್ ಬಿಟ್ಕೊಳ್ಳುತ್ತೆ! ಐದು ನಿಮಿಷದಲ್ಲಿ ಏನು ತಿದ್ದೋಕಾಗುತ್ತೆ, ನೀನೇ ಹೇಳು? ಅದಕ್ಕೆ ಆ ಕನೆಕ್ಷನ್ನೇ ಕಿತ್ತುಬಿಟ್ಟೆ. ಆಮೇಲೆ ಆರಾಮ. ಅರ್ಧ ಗಂಟೆ ಬೇಕಾ, ಒಂದು ಗಂಟೆ ಬೇಕಾ... ಒಂದೇ ಮುಖ, ಅಲ್ಲಾಡದೆ...

ಯಾಕೆ ಹಾಗೆ ನೋಡ್ತೀಯ?

ಕಾಪಿನಾ? ಹೌದು, ಮೊದಲು ಕಾಪಿ ಮಾಡಿಸು ಅಂದಿದ್ದೆ ನೀನು. ಅಮ್ಮ ಹೋದ ಮೇಲೆ ಮಾವನ ಮನೇಲಿ ಸಿಕ್ಕ ಟೇಪ್ ಕೈಗೆ ಕೊಡುವಾಗಲೇ ಅಂದಿದ್ದೆ. ಮಾಡಿಸೋಣ ಅಂತಲೇ ಇದ್ದೆ ಅಕ್ಕ, ಬಣ್ಣ ಒಂದು ಸರಿಹೋಗ್ಲಿ, ಆಮೇಲೆ ಅಂತ... ಈ ಫೋಟೋಗಳನ್ನೇ ದೊಡ್ಡದು ಮಾಡಿಸಿ ಕೊಡ್ಲಾ? ಹದಿನೇಳನೇದಕ್ಕೆ ಕಟ್ಟು ಹಾಕಿಸಿ ಕೊಡ್ತೀನಿ, ನಿಮ್ಮ ಹಾಲ್‌ನಲ್ಲಿ... ಬೇಡ್ವಾ? ಕಾಫಿ ಕುಡೀತೀಯ? ನೀರು? ಇರು ಇರು, ಯಾಕೆ ಎದ್ದೆ? ಇನ್ನೂ ಏಳು ನಿಮಿಷ ಇದೆ! ಅಕ್ಕ, ಆ ಟೇಪ್ ಅಲ್ಲೇ ಇಡು. ನಾನು ಹಾಕ್ತೀನಿ. ನಾನು ಹಾಕ್ತೀನಿ ಅಂದೆನಲ್ಲ! ಮಷೀನಿಗೆ ಸ್ವಲ್ಪ ತೊಂದರೆ ಇದೆ, ಬೇರೆಯವರು ಮುಟ್ಟಿದ್ರೆ... ಅಕ್ಕ...

ಹಾಕೇಬಿಟ್ಟೆ.

ಬರುತ್ತೆ ಈಗ. ಮೊದಲು ಸ್ವಲ್ಪ ಚುಕ್ಕಿ ಚುಕ್ಕಿ, ಎಲ್ಲ ಟೇಪೂ ಹಾಗೇ... ಹಾಂ, ಮೇಜು ಬಂತು. ಕತ್ತರಿ. ಅಮ್ಮನ ಕೈ! ನೋಡು, ಬೆರಳ ತುದಿಗೆ ಸೂಜಿ ಚುಚ್ಚದ ಹಾಗೆ ಟೋಪಿ. ಈಗ ತಲೆ ಎತ್ತುತ್ತಾಳೆ ನೋಡು, ಈಗ... 

ಚುಕ್ಕಿ. ಹ್ಞೂ. ಅಲ್ಲಿ ಸ್ವಲ್ಪ ಹೋಗಿದೆ. ಮುಂದೆ ಬರುತ್ತೆ, ಕೈ ಬರುತ್ತೆ. ಬಂತಲ್ಲ ಕೈ. ಈಗ... ಮತ್ತೆ ಚುಕ್ಕಿ.



ಬೈದಾದ್ರೂ ಬೈ ಅಕ್ಕ! ಚಿಕ್ಕವನಿದ್ದಾಗ ಪೆನ್ಸಿಲ್ ಮುರಿದಿದ್ದಕ್ಕೇ ಬೀದಿಗೆಲ್ಲ ಕೇಳೋ ಹಾಗೆ ಬೈದವಳು ನೀನು... ಹೀಗೆ ನನ್ನನ್ನೇ ನೋಡ್ತಾ ನಿಂತ್ರೆ ನಾನೇನು ಮಾಡ್ಲಿ?

ಆಯ್ತು. ಹೇಳ್ತೀನಿ. ಪಾಜ್ ಒತ್ತಿದ್ರೆ ಟೇಪ್ ನಿಲ್ಲುತ್ತೆ, ಆದ್ರೆ ಒಳಗಿನ ಚಕ್ರ ನಿಲ್ಲಲ್ಲ. ಅದೇ ಜಾಗವನ್ನ ಉಜ್ಜುತ್ತಾನೇ ಇರುತ್ತೆ. ಅದಕ್ಕೇ ಐದು ನಿಮಿಷಕ್ಕೆ ಬಿಡೋ ಹಾಗೆ ಮಾಡಿರ್ತಾರೆ. ಗೊತ್ತಿತ್ತು ನಂಗೆ! ಗೊತ್ತಿರದೆ ಏನು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಇನ್ನೊಂದೇ ಒಂದು ಸಲ, ಇನ್ನೊಂದೇ ಸಲ ಅಂತ... ಎಲ್ಲೆಲ್ಲಿ ಮುಖ ಚೆನ್ನಾಗಿತ್ತೋ ಅಲ್ಲಲ್ಲೇ ನಿಲ್ಲಿಸ್ದೆ. ಎಲ್ಲೆಲ್ಲಿ ನಿಲ್ಲಿಸ್ದೆನೋ ಅಲ್ಲೆಲ್ಲ ಅವಳನ್ನ ಅಳಿಸ್ದೆ. ಹದಿನೇಳನೇ ಫೋಟೋ ತೆಗೆಯುವಾಗಲೇ ಚಿತ್ರದ ಮೇಲೆ ಚುಕ್ಕಿ ಶುರುವಾಗಿತ್ತು. ಕಣ್ಣಾರೆ ನೋಡ್ದೆ ಅಕ್ಕ. ಆದ್ರೂ ಬಿಡಲಿಲ್ಲ. ಅಮ್ಮ ಹೋಗಿ ಎಂಟು ತಿಂಗಳಾಯ್ತು, ಅವಳ ಒಂದೇ ಒಂದು ಬಣ್ಣ ಸರಿಯಾಗಿ ಹಿಡಿಯೋಕಾಗ್ತಿಲ್ಲವಲ್ಲ ಅಂತ... ನನ್ನನ್ನ ಬೇಕಾದ್ರೆ ಮನೆಗೆ ಸೇರಿಸಬೇಡ. ಆದ್ರೆ ಹಾಗೆ ನೋಡಬೇಡ.

ಏನ್ ಮಾಡ್ತಿದೀಯ? ಆ ಗುಂಡಿ ತಿರುಗಿಸಬೇಡ! ಅದಕ್ಕೆ ಗಮ್ ಟೇಪ್ ಅಂಟಿಸಿದ್ದು ನಾನೇ. ಅದು ಸದ್ದು ಏರಿಸೋದು, ಚಿತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ... ಒಂದು ದಿನಾನೂ ಏರಿಸಿಲ್ಲ ನಾನು. ಮುಖವನ್ನಾದ್ರೆ ಎಷ್ಟು ಹೊತ್ತು ಬೇಕಾದ್ರೂ ನೋಡಬಲ್ಲೆ, ದನಿ ಕೇಳೋಕೆ ನನ್ನಿಂದ ಆಗಲ್ಲ. ಬೇಡ ಅಕ್ಕ, ಕೀಳಬೇಡ, ದಮ್ಮಯ್ಯ...

...

ಅಮ್ಮ.

ಅಮ್ಮನ ದನಿ! ಒಂದು ಚೂರೂ ಹೋಗಿಲ್ಲ! ಹೌದು... ಹೌದು, ದನಿ ಇರೋದು ಟೇಪಿನ ಅಂಚಲ್ಲಿ, ಆ ಚಕ್ರ ಅದನ್ನ ಮುಟ್ಟೋದೇ ಇಲ್ಲ... ನಂಗೆ ಹೊಳೀಲೇ ಇಲ್ಲ ನೋಡು! “ಹೊಲಿಗೆ ಬಿಚ್ಚುವಾಗ ಅವಸರ ಬೇಡ” ಅಂತೆ. ಕೇಳಿಸ್ತಾ? ಹೀಗೇ ಅಂತಿದ್ಳಲ್ಲ, ಹೀಗೇ, ಮೂಗಲ್ಲೇ ನಗ್ತಾ...

ಏನಂದ್ಳು? ಈಗ ಏನಂದ್ಳು ಅಕ್ಕ?

“ನನ್ನ ಮೈಮೇಲಿರೋ ಈ ಬೂದು ಕೋಟು...”

ಬೂದು! ಬೂದು ಅಂದ್ಳು! ಹಸಿರೂ ಅಲ್ಲ, ನೀಲಿಯೂ ಅಲ್ಲ... ಎರಡು ಮನೆ ಸೆಟ್ಟೂ ಸುಳ್ಳು ಹೇಳಿದ್ವು. ಮೊದಲನೇ ಫೋಟೋನೇ ಸರಿ ಇತ್ತು ಅಕ್ಕ. ಸಪ್ಪೆ ಅಂತ ಬಿಟ್ಟೆನಲ್ಲ, ಅದೇ! ಅವತ್ತು ಅಲ್ಲಿಗೇ ನಿಲ್ಲಿಸಿದ್ದಿದ್ರೆ... ಒಂದು ಸಲ, ಒಂದೇ ಸಲ ಸದ್ದು ಏರಿಸಿದ್ದಿದ್ರೆ...

ಬೇಡ, ರಿವೈಂಡ್ ಮಾಡಬೇಡ. ಪಾಜ್ ಮುಟ್ಟಬೇಡ. ಓಡ್ಲಿ. ನೀನೂ ಕೂತ್ಕೋ. ಕೈ ಕೊಡು. ಇನ್ನೂ ಹೇಳ್ತಿದಾಳೆ, ಕೇಳು... “ಇದರ ಕಾಲರನ್ನೂ ತಿರುಗಿಸಿ ಹೊಲಿದಿದ್ದೇ. ಇಷ್ಟು ಹೊತ್ತು ನನ್ನನ್ನೇ ನೋಡ್ತಿದ್ರಲ್ಲ, ಯಾರಿಗಾದ್ರೂ ಗೊತ್ತಾಯ್ತಾ?”

ಇಲ್ಲಮ್ಮ. ಗೊತ್ತಾಗಲಿಲ್ಲ.